ಹಿಂದಿನ ಸೀಟಿನ ಗುಂಯ್

ಅವನನ್ನು ಊರು ಬಿಡಿಸಿದ್ದು ನಾನು. ಭಟ್ಕಳದ ಸಾಹುಕಾರರು ಕರೆದುಕೊಂಡು ಹೋದರು ಎಂದು ಹೊನ್ನಾವರದಲ್ಲಿ ಎಲ್ಲರೂ ಹೇಳಿದರು. ನನ್ನ ಅತ್ತೆಯೂ ಸಾಯುವವರೆಗೆ ಹಾಗೇ ಹೇಳಿಕೊಂಡಿದ್ದರು. ಸಾಹುಕಾರರು ಕರೆದದ್ದು ಹೌದು. ಆದರೆ ಅವನು ಹೋಗುವುದೋ ಇರುವುದೋ ಎನ್ನುವುದು ನಿಂತಿದ್ದು ನನ್ನ ಒಂದು ಮಾತಿನ ಮೇಲೆ. ಆ ಮಾತನ್ನು ನಾನು ಆಡಿದೆ. ಸುಳ್ಳು ಹೇಳಲಿಲ್ಲ. ಆದದ್ದು ಇಷ್ಟೇ.

ಇದನ್ನು ಮರೆತಿದ್ದೆ ಎಂದು ಹೇಳುವುದಿಲ್ಲ. ಮರೆತಿರಲಿಲ್ಲ, ತೆಗೆದು ನೋಡುತ್ತಿರಲಿಲ್ಲ, ಅಷ್ಟೆ. ಹೋದ ತಿಂಗಳು ಮೊಮ್ಮಗಳ ಗಂಡ ತನ್ನ ಕಾರಿಗೆ ಹೊಸ ಸೈಲೆನ್ಸರ್ ಹಾಕಿಸಿಕೊಂಡು ಬಂದ. ಹಳೆಯದು ಕೆಟ್ಟಿರಲಿಲ್ಲವಂತೆ, ಇದರ ಶಬ್ದ ಚೆಂದವಂತೆ. ಅಂಗಳದಲ್ಲಿ ಕಾರು ಚಾಲೂ ಮಾಡಿ ನನ್ನನ್ನು ಕರೆದು ಕೇಳಿಸಿದ. ಹೊರಗಿನಿಂದ ಚೆಂದವೇ ಇತ್ತು. ಮಾರನೆಯ ದಿನ ಕಣ್ಣು ತೋರಿಸಲು ಅದೇ ಕಾರಿನಲ್ಲಿ ಕುಮಟೆಗೆ ಹೊರಟೆವು. ನಾನು ಹಿಂದೆ ಕೂತಿದ್ದೆ. ಹಳದೀಪುರದ ಹತ್ತಿರ ಕಾರು ವೇಗ ಹಿಡಿಯಿತು ನೋಡಿ, ಕುತ್ತಿಗೆಯ ಹಿಂದೆ ಒಂದು ಗುಂಯ್ ಬಂದು ಕೂತಿತು. ಕಿವಿಗೆ ಬಂದದ್ದಲ್ಲ ಅದು. ತಲೆಬುರುಡೆಯ ಒಳಗೆ, ಹಲ್ಲಿನ ಬೇರಿನಲ್ಲಿ... ಅರವತ್ತು ವರ್ಷದ ಹಿಂದೆ ಅದೇ ರಸ್ತೆಯಲ್ಲಿ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಬಂದು ಕೂತಿದ್ದ ಗುಂಯ್. ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೊಮ್ಮಗಳು ತಲೆ ತಿರುಗಿತೇ ಎಂದು ಕೇಳಿದಳು. ಇಲ್ಲ ಎಂದೆ.

ನಾನು ಓದಿದ್ದು ಮೂರನೇ ಇಯತ್ತೆ. ಹದಿನಾರಕ್ಕೆ ಮದುವೆಯಾಯಿತು. ಗಂಡ ಮಚವೆ ಎನ್ನುವ ಹಾಯಿಹಡಗಿನ ಮೇಲೆ ಹಂಚು ಹೇರಿಕೊಂಡು ಬೊಂಬಾಯಿಗೆ ಹೋಗುವ ಕೆಲಸದಲ್ಲಿದ್ದರು. ಒಂದು ಸಲ ಹೋದವರು ಅಲ್ಲೇ ಜ್ವರ ಬಂದು ತೀರಿಕೊಂಡರು. ಸುದ್ದಿ ಬಂದಾಗ ಹದಿನೈದು ದಿನ ಆಗಿತ್ತು. ಅವರ ಟ್ರಂಕು ಬಂತು, ಅವರು ಬರಲಿಲ್ಲ. ಆಗ ನನ್ನ ಮಗಳಿಗೆ ಆರು ತಿಂಗಳು. ಮನೆಯಲ್ಲಿ ನಾನು, ಕೂಸು, ಅತ್ತೆ, ಮೂವರೇ. ನಾನು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದೆ. ಮುಂಬಯಿ ಸರಕಾರದಿಂದ ನಮ್ಮ ಜಿಲ್ಲೆ ಮೈಸೂರಿಗೆ ಸೇರಿ ನಾಲ್ಕಾರು ವರ್ಷ ಆಗಿದ್ದ ಕಾಲ ಅದು.

ನಮ್ಮ ಮನೆಗೆ ತಾಗಿಕೊಂಡು ಮಾವನ ಕಾಲದ ಒಂದು ದೋಣಿ ಚಪ್ಪರ ಇತ್ತು. ದೋಣಿ ಹೋಗಿ ಚಪ್ಪರ ಖಾಲಿ ಬಿದ್ದಿತ್ತು. ಭಟ್ಕಳದ ಸಾಹುಕಾರರೊಬ್ಬರ ಒಂದು ಕರಿಯ ಕಾರು ಹೊನ್ನಾವರದಲ್ಲಿ ಬಾಡಿಗೆಗೆ ಓಡುತ್ತಿತ್ತು. ಅದನ್ನು ನಿಲ್ಲಿಸಲು ಜಾಗ ಬೇಕು ಎಂದು ಅದರ ಡ್ರೈವರ ಬಂದು ಕೇಳಿದ. ಅತ್ತೆ ಆತು ಎಂದರು. ಅವನು ಕಾರಿನ ಜೊತೆಗೆ ಚಪ್ಪರದ ಮೂಲೆಯಲ್ಲಿ ತಾನೂ ಉಳಿದ. ಅಂಕೋಲೆಯ ಕಡೆಯವನು. ತನ್ನವರು ಎಂದು ಯಾರೂ ಇರಲಿಲ್ಲ. ತಾನೇ ಗಂಜಿ ಬೇಯಿಸಿಕೊಳ್ಳುತ್ತಿದ್ದ. ಅತ್ತೆ ಒಮ್ಮೊಮ್ಮೆ ಮೀನು ಸಾರು ಕಳಿಸುತ್ತಿದ್ದರು, ಬಟ್ಟಲು ತೊಳೆದು ಬೋರಲು ಹಾಕಿ ನಮ್ಮ ಜಗಲಿಯ ತುದಿಯಲ್ಲಿ ಇಟ್ಟು ಹೋಗುತ್ತಿದ್ದ. ಎದುರಿಗೆ ನಾನು ಅವನಿಗೆ ನೀವು, ಡ್ರೈವರ್ರೇ ಎನ್ನುತ್ತಿದ್ದೆ. ಬರೆಯುವಾಗ ಅವನು ಎಂದೇ ಬರುತ್ತದೆ. ಇರಲಿ.

ನಮ್ಮ ಕಡೆ ಸಮುದ್ರದ ಗಾಳಿಗೆ ಕಾರಿನ ಸೈಲೆನ್ಸರ್ ಎರಡು ಮಳೆಗಾಲ ತಡೆದರೆ ಹೆಚ್ಚು. ಈ ಕಾರಿನದು ಒಂದು ದಿನ ಕರ್ಕಿಯ ಹತ್ತಿರ ತುಕ್ಕು ಹಿಡಿದು ಕಳಚಿ ಬಿತ್ತು. ಕಂಪನಿಯ ಮಾಲು ಸಿಗುವಂತಿರಲಿಲ್ಲ, ಕಾರು ಅಷ್ಟು ಹಳೆಯದು. ಕುಮಟೆಯ ಒಬ್ಬ ವೆಲ್ಡಿಂಗಿನವ ಮೂರು ಸೈಲೆನ್ಸರ್ ಹೊತ್ತುಕೊಂಡು ಬಂದ. ಒಂದು ತನ್ನ ಕೈಯಾರೆ ತಗಡು ಸುತ್ತಿ ಮಾಡಿದ್ದು. ಒಂದು ಹುಬ್ಬಳ್ಳಿಯ ಗುಜರಿಯಿಂದ ತಂದದ್ದು, ಉದ್ದಕ್ಕೆ, ಸಪೂರ, ಮುಂದೊಂದು ಸಣ್ಣ ಡಬ್ಬಿ ಇದ್ದದ್ದು. ಮತ್ತೊಂದು ಯಾವುದೋ ಲಾರಿಯದು, ಗುಂಡಗೆ, ಕುಂಬಳಕಾಯಿಯ ಹಾಗೆ. ಯಾವುದನ್ನು ಹಾಕುವುದು?

ನಮ್ಮ ಜನ ಮಾಡಿದ ತಪ್ಪು ಇಲ್ಲಿ. ಶಬ್ದದ ವಿಷಯ ಅಲ್ಲವೇ, ಶಬ್ದ ತಿಳಿದವರನ್ನು ಕೇಳಬೇಕು ಎಂದು ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುವವರನ್ನು ಕರೆಸಿದರು. ಮಳೆಗಾಲವಾದ್ದರಿಂದ ಆಟ ಇರಲಿಲ್ಲ, ಅವರೂ ಮನೆಯಲ್ಲೇ ಇದ್ದರು. ಬಂದರು. ನಮ್ಮ ಜಗಲಿಯ ಮೇಲೆ ಅವರಿಗೆ ಮಣೆ ಹಾಕಿದ್ದಾಯಿತು. ಕಾರಿನ ಹಿಂದೆ ಇಪ್ಪತ್ತು ಜನ ಸೇರಿದರು. ವೆಲ್ಡಿಂಗಿನವ ಒಂದೊಂದನ್ನೇ ತಂತಿಯಿಂದ ಕಟ್ಟುವುದು, ಡ್ರೈವರ ಎಂಜಿನ್ ಚಾಲೂ ಮಾಡುವುದು, ಮದ್ದಳೆಯವರು ಕಣ್ಣು ಮುಚ್ಚಿ ಕೇಳುವುದು.

“ಇದು ತಗಡು ಬಡಿದ ಹಂಗೆ. ತೆಗೀರಿ,” ಎಂದರು ಮೊದಲನೆಯದಕ್ಕೆ.

ಉದ್ದನೆಯದಕ್ಕೆ, “ಇದು ಗಂಟಲು ಕಟ್ಟಿದ ಭಾಗವತ. ಬಾಯಿ ಬಿಡ್ತದೆ, ಸ್ವರ ಇಲ್ಲ,” ಎಂದರು. ಎಲ್ಲರೂ ನಕ್ಕರು.

ಲಾರಿಯದನ್ನು ಕಟ್ಟಿದ ಮೇಲೆ ಅವರ ತಲೆ ತಾನಾಗಿ ಆಡಿತು. “ಹಾಂ. ಇದಕ್ಕೆ ನಾದ ಅದೆ.”

“ಎಂಜಿನ್ ಹೊಸ್ತು ಹಾಕ್ದಂಗೆ ಆತಲ್ಲ ಮಾರಾಯ,” ಎಂದ ಚಾ ಅಂಗಡಿಯವ.

ಅತ್ತೆ ಒಳಗಿನಿಂದಲೇ ಹೇಳಿದರು. “ಕಾರಿಗೆ ನಾದ ಎಂತಕ್ಕೆ? ಅದನ್ನೂ ಮೇಳಕ್ಕೆ ಸೇರಿಸ್ತೀರಾ?”

ಅತ್ತೆಯ ಮಾತು ಯಾರು ಕೇಳಬೇಕು. ಲಾರಿಯದನ್ನೇ ನಟ್ಟು ಬೋಲ್ಟು ಬಿಗಿದು ಕಾರಿನ ತಳಕ್ಕೆ ಕೂಡಿಸಿದರು. ಉದ್ದನೆಯದು ಚಪ್ಪರದ ಮೂಲೆಗೆ ಹೋಯಿತು. ಡ್ರೈವರ ಕಾರು ತೆಗೆದುಕೊಂಡು ಪೇಟೆಗೆ ಹೋದಾಗ ಜನ ತಿರುಗಿ ನೋಡಿದರು. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಂದು ತಿಂಗಳಲ್ಲಿ ಅವನ ಬಾಡಿಗೆ ನಿಂತಿತು. ಸಣ್ಣ ದೂರಕ್ಕೆ ಜನ ಬರುತ್ತಿದ್ದರು, ಕುಮಟೆಗೆ ಹೋಗುವವರು ಬರುತ್ತಿರಲಿಲ್ಲ. ಬಂದರಿನ ಹತ್ತಿರ ಇನ್ನೊಂದು ಟ್ಯಾಕ್ಸಿ ನಿಲ್ಲುತ್ತಿತ್ತು, ಬಾಗಿಲು ಹಗ್ಗದಿಂದ ಕಟ್ಟಿದ್ದು. ಜನ ಕಾದು ನಿಂತು ಅದನ್ನೇ ಹತ್ತುತ್ತಿದ್ದರು. ಇವನು ದಿನವಿಡೀ ಕಾರು ಒರೆಸುತ್ತಿದ್ದ. ಯಾಕೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಹಾಗೆ. ಮುಖದ ಮೇಲೆ ಚೆಂದ ಎಂದು ಹೇಳಿ, ಬೆನ್ನ ಹಿಂದೆ ಬೇರೆ ಗಾಡಿ ಹತ್ತುತ್ತಾರೆ.

ಅತ್ತೆಯ ಹಲ್ಲು ಕೀಳಿಸಲು ಕುಮಟೆಗೆ ಹೋಗಬೇಕಾಯಿತು. ಪಕ್ಕದಲ್ಲೇ ಕಾರು ಇರುವಾಗ ಬೇರೆಯದು ಯಾಕೆ ಎಂದು ಅದರಲ್ಲೇ ಹೋದೆವು. ಹಳದೀಪುರದ ನೇರ ರಸ್ತೆಗೆ ಬಂದೆವು. ಮುಂದೆ ಗಾಜಿನ ಒಳಗಿನ ಮುಳ್ಳು ಮೂವತ್ತು ಮೈಲಿ ದಾಟಿತು. ಆಗ ಶುರುವಾಯಿತು. ಮುಳ್ಳು ಮೂವತ್ತಕ್ಕಿಂತ ಕೆಳಗೆ ಬಂದರೆ ಇಲ್ಲ, ಮೇಲೆ ಹೋದರೆ ಇದೆ. ಅದು ಗಲಾಟೆಯಲ್ಲ, ಮಾತಾಡಿದರೆ ಕೇಳುತ್ತದೆ. ಆದರೆ ಎದೆಯ ಗೂಡಿನಲ್ಲಿ ಯಾರೋ ಒಂದೇ ಸಮನೆ ಉಸಿರು ಬಿಟ್ಟ ಹಾಗೆ ಗುಂಯ್ ಎನ್ನುತ್ತದೆ, ನಿಲ್ಲುವುದಿಲ್ಲ. ಕೂಸು ಅಳಲು ಹಿಡಿಯಿತು. ಅತ್ತೆ ಹಲ್ಲುನೋವಿನ ಬಾಯಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಧಾರೇಶ್ವರದಲ್ಲಿ ನಾನು ಕಾರು ನಿಲ್ಲಿಸಿ ಎಂದೆ. ಅವನು ನಿಲ್ಲಿಸಲಿಲ್ಲ. ಎರಡು ಸಲ ಕೂಗಿದ ಮೇಲೆ ಅತ್ತೆ ಅವನ ಭುಜಕ್ಕೆ ಬಡಿದರು. ಇಳಿದು ವಾಂತಿ ಮಾಡಿಕೊಂಡೆ.

ಬಾಯಿ ತೊಳೆದುಕೊಳ್ಳಲು ಅವನೇ ಬಾವಿಯಿಂದ ನೀರು ಸೇದಿ ಕೊಟ್ಟ. ನಾನು ಆಗಲೇ ಹೇಳಿದೆ.

“ಡ್ರೈವರ್ರೇ, ನಿಮ್ಮ ಗಾಡಿಗೆ ಜನ ಎಂತಕ್ಕೆ ಬರೂದಿಲ್ಲ, ಗೊತ್ತಾ?”

“ದಿನ ಸಮಾ ಇಲ್ಲ ಅಕ್ಕಾ.”

“ದಿನ ಸಮಾ ಅದೆ. ಸೈಲೆನ್ಸರ್ ಸಮಾ ಇಲ್ಲ. ಹಿಂದೆ ಕೂತರೆ ತಲೆ ಒಳಗೆ ಜೇನು ಹೊಕ್ಕ ಹಂಗೆ ಆಗ್ತದೆ.”

ಅವನು ಕೊಡಪಾನ ಕೆಳಗೆ ಇಟ್ಟ. “ಎಲ್ರೂ ಚೆಂದ ಅದೆ ಹೇಳಿದ್ರಲ್ಲ.”

“ಅವ್ರೆಲ್ಲ ಹೊರಗೆ ನಿಂತಿದ್ರು.”

ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಮನೆಗೆ ಬಂದ ಮೇಲೆ ಜಗಲಿಯ ಕೆಳಗೆ ನಿಂತು ಒಂದು ಮಾತು ಹೇಳಿದ. ಅದನ್ನು ಹೊನ್ನಾವರದಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲವಂತೆ. ಅವನ ಎಡಗಿವಿ ಪೂರ್ತಿ ಹೋಗಿತ್ತು. ಹಿಂದೆ ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ ಟೈರು ಒಡೆದು ಹೋದದ್ದು. ಬಲಗಿವಿ ಸರಿಯಿತ್ತು, ಆದರೆ ಕಾರು ಓಡುವಾಗ ಅದರಲ್ಲಿ ಕಿಟಕಿಯ ಗಾಳಿಯೇ ತುಂಬುತ್ತಿತ್ತು. ಹಾಗಾಗಿ ಓಡುವ ಕಾರಿನಲ್ಲಿ ಹಿಂದಿನವರು ಏನು ಹೇಳಿದರೂ ಅವನಿಗೆ ಕೇಳುತ್ತಿರಲಿಲ್ಲ, ಆ ಗುಂಯ್ ಕೂಡ, ಅದರ ನಡುಕ ಮುಂದಿನ ಸೀಟಿನವರೆಗೆ ಬರುತ್ತಲೂ ಇರಲಿಲ್ಲ. ಕಿವುಡ ಡ್ರೈವರ ಎಂದು ತಿಳಿದರೆ ಯಾರು ಹತ್ತುತ್ತಾರೆ? “ನೀವು ಯಾರಿಗೂ ಹೇಳ್ಬೇಡಿ ಅಕ್ಕಾ,” ಎಂದ. ನಾನು ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ, ಈಗ ಅವನಿಗೆ ಬಾಡಿಗೆಯ ಚಿಂತೆ ಇಲ್ಲ.

ಅದೇ ವಾರ ಸಾಹುಕಾರರ ಮನೆಯಿಂದ ಮನುಷ್ಯ ಬಂದ. ಸಾಹುಕಾರರ ತಾಯಿಗೆ ಮೈ ಸರಿಯಿರಲಿಲ್ಲ, ದವಾಖಾನೆಗೆ ತಿರುಗಬೇಕಿತ್ತು, ಸ್ವಲ್ಪ ಶಬ್ದವಾದರೂ ಅವರಿಗೆ ತಲೆ ಸುತ್ತುತ್ತಿತ್ತು. ಹಾಗಾಗಿ ದೀಪಾವಳಿಯ ಒಳಗೆ ಗಾಡಿ ಸದ್ದಿಲ್ಲದೆ ಓಡುವಂತಾದರೆ ಗಾಡಿಯೂ ಡ್ರೈವರನೂ ಭಟ್ಕಳದ ಮನೆಗೇ ಬರಬೇಕು, ಉಳಿಯಲು ಕೋಣೆ ಇದೆ. ಆಗದಿದ್ದರೆ ಗಾಡಿ ಗುಜರಿಗೆ ಕೊಟ್ಟು ಬೇರೆ ತೆಗೆದುಕೊಳ್ಳುತ್ತೇವೆ, ಆ ಹೊಸ ಗಾಡಿಯ ಜೊತೆ ಅದರ ಡ್ರೈವರನೂ ಬರುತ್ತಾನೆ. “ಸಾಹೇಬ್ರು ಬಂದು ನೋಡೂದಿಲ್ಲ. ನೀ ಹೇಳಿದ್ದೇ ಖರೆ ಹೇಳ್ಯಾರೆ. ಅಮ್ಮಂದಿರು ಕೂರೂ ಗಾಡಿ, ಸುಳ್ಳು ಹೇಳ್ಬೇಡ,” ಎಂದು ಆ ಮನುಷ್ಯ ಹೇಳಿ ಹೋದ.

ಅವನ ಮಾತೇ ಸಾಕು ಎಂದರು. ಅವನಿಗೋ ಕೇಳುವುದಿಲ್ಲ. ಜಗಲಿಯ ಕೆಳಗೆ ಮತ್ತೆ ಬಂದು ನಿಂತ. ನೀವು ಹಿಂದೆ ಕೂತು ಕೇಳಿ ಹೇಳಬೇಕು ಅಕ್ಕಾ ಎಂದ.

ಗಂಡ ಸತ್ತ ಹೆಂಗಸು ಟ್ಯಾಕ್ಸಿಯಲ್ಲಿ ಕೂತು ಕಾರಣವಿಲ್ಲದೆ ಹಳದೀಪುರಕ್ಕೆ ಹೋಗಿ ಬರುವುದು ಆ ಕಾಲದಲ್ಲಿ ಹೇಗೆ ಎಂದು ನಾನು ಬಿಡಿಸಿ ಬರೆಯಬೇಕಾಗಿಲ್ಲ. ಅತ್ತೆ ಎಲೆ ಅಡಿಕೆ ಮಡಚುತ್ತಾ ಕೇಳಿಸಿಕೊಂಡರು. ಆಮೇಲೆ, “ನಾನೂ ಬರ್ತೆ ತಮಾ. ಕೂಸೂ ಬರ್ತದೆ. ಯಾರ ಬಾಯಿಗೆ ಎಂತ ಬರ್ತದೆ ಬರ್ಲಿ,” ಎಂದರು. ಅವರಿಗೆ ಕಾರಿನಲ್ಲಿ ಕೂರುವ ಆಸೆಯೂ ಇತ್ತು.

ಬಾಯಿಗೆ ಬಂತು. ಆಚೆ ಮನೆಯವಳು ಬಾವಿಕಟ್ಟೆಯಲ್ಲಿ, “ಎಂತದೆ, ದಿನಾ ಸವಾರಿ?” ಎಂದಳು.

“ಹೌದು. ನೀನೂ ಬಾ. ವಾಂತಿ ಮಾಡೂಕೆ ಇನ್ನೊಂದು ಜನ ಬೇಕಾಗ್ಯದೆ,” ಎಂದೆ.

ಮಧ್ಯಾಹ್ನ ಊಟವಾದ ಮೇಲೆ ಹೋಗುತ್ತಿದ್ದೆವು. ಮೊದಲು ಆ ಲಾರಿಯದನ್ನೇ ಸರಿ ಮಾಡಲು ನೋಡಿದ. ಅದರ ಹೊಟ್ಟೆ ಪೂರ್ತಿ ಖಾಲಿ ಇರುವುದಕ್ಕೆ ಹೀಗಾಗುತ್ತದೆ, ಒಳಗೆ ಏನಾದರೂ ತುಂಬಬೇಕು ಎಂದು ವೆಲ್ಡಿಂಗಿನವ ಹೇಳಿದ. ನನ್ನ ಹತ್ತಿರ ಒಂದು ಬುಟ್ಟಿ ತೆಂಗಿನ ನಾರು ತೆಗೆದುಕೊಂಡು ಹೋಗಿ ತುಂಬಿದರು. ಕರ್ಕಿ ದಾಟುವುದರೊಳಗೆ ಕಾರಿನ ಹಿಂದಿನಿಂದ ಹೊಗೆ, ಕಿಡಿ. ಗದ್ದೆಯಲ್ಲಿದ್ದವರು ನೀರು ತೆಗೆದುಕೊಂಡು ಓಡಿ ಬಂದರು. ಅತ್ತೆ ಕೆಳಗೆ ಇಳಿದು ಸೀರೆ ಕೊಡವಿಕೊಂಡು, “ಇವ ನನ್ನನ್ನ ಭಟ್ಕಳಕ್ಕಲ್ಲ, ಬೇರೆಲ್ಲಿಗೋ ಕಳಿಸ್ತ,” ಎಂದರು. ಅವನು ನಕ್ಕ. ಅವನು ಶಬ್ದ ಮಾಡಿ ನಕ್ಕದ್ದು ಅದೊಂದೇ ಸಲ ನನಗೆ ನೆನಪು.

ಆಮೇಲೆ ಮೂಲೆಗೆ ಹಾಕಿದ್ದ ಉದ್ದನೆಯದನ್ನು ತೆಗೆದು ಹಾಕಿದರು. ಮದ್ದಳೆಯವರು ಗಂಟಲು ಕಟ್ಟಿದೆ ಎಂದು ಬಿಟ್ಟದ್ದು. ಅರ್ಧಕ್ಕರ್ಧ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಈ ಸಲ ಮೂವತ್ತೆರಡು ಮೂವತ್ತಮೂರರ ಹತ್ತಿರ ಶುರುವಾಗುತ್ತಿತ್ತು. ನಾನು ಕಿವಿ ಮುಚ್ಚಿಕೊಂಡು ನೋಡಿದೆ, ಆದರೂ ಇತ್ತು. ಹಾಗಾದರೆ ಇದು ಕಿವಿಯಿಂದ ಬರುವುದಲ್ಲ. ಕಾಲು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ, ಕಡಿಮೆಯಾಯಿತು. ಬಗ್ಗಿ ಅಂಗೈಯನ್ನು ಕಾಲಡಿಯ ತಗಡಿಗೆ ಇಟ್ಟೆ. ಒಂದು ಕಡೆ ಗಡಗಡ ನಡುಗುತ್ತಿತ್ತು, ಬೋಲ್ಟು ಬಿಗಿದ ಜಾಗ.

“ಇಲ್ಲಿಂದ ಹತ್ತಿ ಬರ್ತದೆ,” ಎಂದು ಚಪ್ಪರಕ್ಕೆ ಬಂದ ಮೇಲೆ ವೆಲ್ಡಿಂಗಿನವನಿಗೆ ತೋರಿಸಿದೆ. “ನೀ ಕಬ್ಬಿಣಕ್ಕೆ ಕಬ್ಬಿಣ ಬಿಗಿದ್ರೆ ಅದು ನಡುಗಿದಾಗ ಇದೂ ನಡುಗ್ತದೆ. ಬಿಗೀಬೇಡ, ತೂಗು ಹಾಕು.”

“ಸೈಲೆನ್ಸರ್ ಎಂತ ಕೂಸಾ, ತೊಟ್ಟಿಲಲ್ಲಿ ತೂಗೂಕೆ?” ಎಂದ ಅವನು.

“ತೂಗಿ ನೋಡು. ಆಗದೆ ಇದ್ರೆ ನಗು.”

ಹಳೆಯ ಟೈರು ಕೊಯ್ದು ಪಟ್ಟಿ ಮಾಡಿ, ಮೂರು ಕಡೆ ಅದರಲ್ಲಿ ಸೈಲೆನ್ಸರನ್ನು ತೂಗು ಹಾಕಿದರು. ಹೊಳೆಯ ಆಚೆಗೆ ಹೋದ ಹಾಗೆ ಆಯಿತು ಶಬ್ದ. ಕಿಟಕಿ ಇಳಿಸಿದರೆ ಮಾತ್ರ ಸ್ವಲ್ಪ ಬರುತ್ತಿತ್ತು, ಜೊತೆಗೆ ಹೊಗೆಯ ವಾಸನೆ. ಪೈಪಿನ ಬಾಯಿ ಹಿಂದಿನ ಸೀಟಿನ ಅಡಿಯಲ್ಲೇ ಮುಗಿಯುತ್ತಿತ್ತು. ಅದನ್ನು ಬಂಪರಿನಿಂದ ಒಂದು ಗೇಣು ಹೊರಗೆ ಬರುವಂತೆ ಬೆಸೆಯಲು ಹೇಳಿದೆ. ಈ ಸಲ ವೆಲ್ಡಿಂಗಿನವ ಏನೂ ಹೇಳದೆ ಮಾಡಿದ.

ಇಷ್ಟೆಲ್ಲ ಆಗಲು ಮೂರು ವಾರ ಹಿಡಿಯಿತು. ಆ ಮೂರು ವಾರದ ಬಗ್ಗೆ ಒಂದು ಮಾತು ಬರೆದು ಬಿಡುತ್ತೇನೆ. ಮದುವೆಯಾಗಿ ಬಂದಂದಿನಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಅದು ಮಾಡು ಇದು ಮಾಡು ಎಂದು ಹೇಳಿದ್ದರು. ನಿನಗೆ ಏನು ಕೇಳುತ್ತದೆ, ಎಲ್ಲಿಂದ ಕೇಳುತ್ತದೆ, ಮೊದಲಿಗಿಂತ ಹೆಚ್ಚೋ ಕಡಿಮೆಯೋ ಎಂದು ಒಬ್ಬ ಮನುಷ್ಯ ಕಾರು ನಿಲ್ಲಿಸಿ, ತಿರುಗಿ ಕೂತು, ಬಲಗಿವಿ ನನ್ನ ಕಡೆ ಮಾಡಿ ಕಾಯುತ್ತಿದ್ದ. ನಾನು ಹೇಳಿದ್ದನ್ನು ಹಾಗೇ ನಂಬುತ್ತಿದ್ದ. ಅದು ಸಣ್ಣದಲ್ಲ... ಅಷ್ಟು ಸಾಕು.

ಕೊನೆಯ ದಿನ ಅತ್ತೆಗೆ ಕಾಲು ನೋವು, ಬರಲಿಲ್ಲ. ನಾನು ಬರೂದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಕೂಸನ್ನು ಎತ್ತಿಕೊಂಡು ಹಿಂದೆ ಕೂತೆ. ದೀಪಾವಳಿಗೆ ನಾಲ್ಕು ದಿನ ಇತ್ತು. ಗದ್ದೆಗಳಲ್ಲಿ ಕೊಯ್ಲು ನಡೆಯುತ್ತಿತ್ತು. ಹಳದೀಪುರದ ರಸ್ತೆಯಲ್ಲಿ ಮುಳ್ಳು ಮೂವತ್ತಕ್ಕೆ ಬಂತು. ಮೂವತ್ತೆರಡು. ಮೂವತ್ತೈದು. ನಾನು ಕಾಲನ್ನು ತಗಡಿಗೆ ಒತ್ತಿ ಇಟ್ಟೆ, ಬೆನ್ನನ್ನು ಸೀಟಿಗೆ ಒತ್ತಿದೆ, ಉಸಿರು ಹಿಡಿದೆ. ನಲವತ್ತರವರೆಗೆ ಹೋಯಿತು. ಕಿಟಕಿಯಲ್ಲಿ ಗಾಳಿ. ಟೈರಿನ ಕೆಳಗೆ ಜಲ್ಲಿಕಲ್ಲು. ಬೇರೆ ಏನೂ ಇರಲಿಲ್ಲ. ಕೂಸು ನನ್ನ ತೊಡೆಯ ಮೇಲೆ ಬಾಯಿ ತೆರೆದು ಮಲಗಿತ್ತು.

ಅವನು ಒಂದು ಗಾಳಿಮರದ ಹತ್ತಿರ ಕಾರು ನಿಲ್ಲಿಸಿದ. ತಿರುಗಿ ಕೂತ.

“ಎಂತ ಅಕ್ಕಾ? ಕೇಳ್ತದ್ಯಾ?”

ನಾನು ಕೂಸಿನ ತಲೆಯನ್ನು ತೊಡೆಯ ಮೇಲೆ ಸರಿ ಮಾಡಿದೆ.

“ಇನ್ನೊಂದ್ಸಲ ಹೋಗಿ ಬರೂದಾ?” ಎಂದ.

“ಎಂತಕ್ಕೆ? ಪೆಟ್ರೋಲ್ ಹೆಚ್ಚಾಗ್ಯದ್ಯಾ?”

ಅವನು ತನ್ನ ಕೈ ನೋಡಿಕೊಂಡ. ಉಗುರಿನಲ್ಲಿ ಗ್ರೀಸಿನ ಕಪ್ಪು. “ನೀವು ಹೇಳಿದ್ದನ್ನೇ ನಾನು ಸಾಹುಕಾರ್ರಿಗೆ ಹೇಳ್ತೆ. ಶಬ್ದ ಅದೆ ಅಂದ್ರೆ ಅದೆ ಹೇಳ್ತೆ. ಅದೆ ಅಂದ್ರೂ ನಂಗೆ ಬೇಜಾರಿಲ್ಲ ಅಕ್ಕಾ. ಹೊನ್ನಾವರದಲ್ಲೇ ಎಂತಾರು ಕೆಲಸ ನೋಡ್ಕಂಬೆ.”

ಅವನು ಏನು ಹೇಳಿದ ಎಂದು ನನಗೆ ಅರ್ಥವಾಯಿತು. ಅರ್ಥವಾಗದ ಹಾಗೆ ನಾನು ಕೂತೆ. ಇದೆ ಎಂದರೆ ಕಾರು ಗುಜರಿಗೆ ಹೋಗುತ್ತದೆ, ಅವನು ಖಾಲಿ ಚಪ್ಪರದಲ್ಲಿ ಉಳಿಯುತ್ತಾನೆ. ಬೇರೆ ಕಾರು ಯಾರು ಕೊಡುತ್ತಾರೆ ಒಂದೇ ಕಿವಿಯವನಿಗೆ? ಬಂದರಿನಲ್ಲಿ ಮೂಟೆ ಹೊರಬೇಕು. ಇಟ್ಟುಕೊಂಡು ನಾನು ಏನು ಮಾಡುತ್ತಿದ್ದೆ? ಆ ಊರಿನಲ್ಲಿ, ಆ ವರ್ಷ, ನನ್ನಂಥವಳು ಏನೂ ಮಾಡುವ ಹಾಗಿರಲಿಲ್ಲ. ಅವನು ಬಟ್ಟಲು ತೊಳೆದು ಜಗಲಿಯ ತುದಿಯಲ್ಲಿ ಇಡುತ್ತಿದ್ದ, ನಾನು ಒಳಗೆ ತೆಗೆದುಕೊಂಡು ಹೋಗುತ್ತಿದ್ದೆ, ಹಾಗೆ ಇಬ್ಬರಿಗೂ ವಯಸ್ಸಾಗುತ್ತಿತ್ತು. ಅದಾದರೂ ಇರುತ್ತಿತ್ತಲ್ಲ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ.

“ಇಲ್ಲ,” ಎಂದೆ. “ಎಂತದೂ ಕೇಳೂದಿಲ್ಲ.”

“ಸಮಾ ನೋಡಿದ್ರಾ?”

“ನೋಡಿದೆ. ಪೂರಾ ಹೋಯ್ತು.”

ಅವನು ತಲೆ ಆಡಿಸಿದ. ಮುಂದಕ್ಕೆ ತಿರುಗಿ ಕಾರು ಚಾಲೂ ಮಾಡಿದ. ಹೊನ್ನಾವರದವರೆಗೆ ನಾನು ಏನು ಹೇಳಿದ್ದರೂ ಅವನಿಗೆ ಕೇಳುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಎಂಟು ಗಂಟೆಗೆ ಹೊರಟ. ಅತ್ತೆ ಒಣ ಮೀನಿನ ಕಟ್ಟು ಕೊಟ್ಟರು. ಮದ್ದಳೆಯವರೂ ಬಂದಿದ್ದರು. ಎಂಜಿನ್ ಚಾಲೂ ಆದ ಮೇಲೆ ಕಿವಿ ಕೊಟ್ಟು ಕೇಳಿ, “ಎಂತ ಮಾರಾಯ, ಸ್ವರವೇ ತೆಗೆದುಬಿಟ್ಯಲ್ಲ,” ಎಂದರು. ಅವನು ಎಲ್ಲರಿಗೂ ಕೈ ಮುಗಿದ. ನನ್ನ ಹತ್ತಿರ ಬಂದು, “ಬರ್ತೆ ಅಕ್ಕಾ,” ಎಂದ. ನಾನು, “ಆತು,” ಎಂದೆ. ಕಾರು ಬಂದರಿನ ಕಡೆ ತಿರುಗಿತು. ಆಗ ಹೊಳೆಗೆ ಸೇತುವೆ ಇರಲಿಲ್ಲ, ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಕಾರು ಹತ್ತಿಸಿ ಕಾಸರಕೋಡಿಗೆ ದಾಟಿಸಬೇಕಿತ್ತು. ಉಳಿದವರು ನೋಡಲು ಹೋದರು. ನಾನು ಹೋಗಲಿಲ್ಲ, ಒಲೆಯ ಮೇಲೆ ಅನ್ನ ಇತ್ತು.

ಮತ್ತೆ ಅವನನ್ನು ನೋಡಲಿಲ್ಲ. ಸೇತುವೆ ಆದ ಮೇಲೆ ನಾನೇ ಎಷ್ಟೋ ಸಲ ಭಟ್ಕಳಕ್ಕೆ ಹೋಗಿದ್ದೇನೆ, ಮಗಳ ಮದುವೆಗೆ ಬಟ್ಟೆ ತಂದದ್ದೂ ಅಲ್ಲಿಂದಲೇ. ಬಸ್ಸಿನ ಕಿಟಕಿಯಿಂದ ಕರಿಯ ಕಾರು ಕಂಡರೆ ಡ್ರೈವರನ ಮುಖ ನೋಡುತ್ತಿದ್ದೆ. ನೋಡುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ವರ್ಷದ ಮೇಲೆ ಜಾಲಿಯಿಂದ ಬಟ್ಟೆ ಮಾರಲು ಬರುತ್ತಿದ್ದ ಒಬ್ಬ ಹೆಂಗಸು ಮಾತಿಗೆ ಮಾತು ಬಂದು ಹೇಳಿದಳು. ಆ ಸಾಹುಕಾರರ ಮನೆಯಲ್ಲಿ ಒಬ್ಬ ಮುದುಕ ಡ್ರೈವರ ಇದ್ದನಂತೆ, ಕೊನೆಗೆ ಎರಡೂ ಕಿವಿ ಕೇಳುತ್ತಿರಲಿಲ್ಲವಂತೆ, ಆ ವರ್ಷ ಮಳೆಗಾಲದಲ್ಲಿ ತೀರಿಕೊಂಡನಂತೆ. ಹೆಂಡತಿ ಮಕ್ಕಳು ಇದ್ದರೇ ಎಂದು ಕೇಳಬೇಕೆಂದಿದ್ದೆ... ಕೇಳಲಿಲ್ಲ. ಒಂದು ಸೀರೆ ತೆಗೆದುಕೊಂಡೆ.

ಮೊಮ್ಮಗಳ ಗಂಡನಿಗೆ ಮೊನ್ನೆ ಹೇಳಿದೆ, ಸೈಲೆನ್ಸರ್ ಆರಿಸುವಾಗ ಹೊರಗೆ ನಿಂತು ಕೇಳಬೇಡ, ಹಿಂದೆ ಕೂತು ರಸ್ತೆಯಲ್ಲಿ ಹೋಗಿ ಕೇಳು, ನಿಂತ ಕಾರು ಏನೂ ಹೇಳುವುದಿಲ್ಲ, ಯಾವುದು ಎಲ್ಲಿ ಬಿಗಿದಿದೆ ನೋಡು. ಅವನು ಮೊಬೈಲ್ ಇಟ್ಟು ನನ್ನ ಮುಖ ನೋಡಿದ. “ಅಜ್ಜಿ, ನಿಮಗೆ ಇದೆಲ್ಲ ಹೆಂಗೆ ಗೊತ್ತು?” ಎಂದ. ಒಬ್ಬ ಡ್ರೈವರ ಇದ್ದ ಎಂದೆ. ಹೆಸರು ಕೇಳಿದ. ಹೆಸರು ಗೊತ್ತಿದೆ, ಬರೆಯಲೂ ಬರುತ್ತದೆ. ಹೇಳಲಿಲ್ಲ. ಅತ್ತೆ ಹೋದರು, ವೆಲ್ಡಿಂಗಿನವ ಹೋದ, ಮದ್ದಳೆಯವರು ಮೊದಲೇ ಹೋದರು. ಮಗಳಿಗೆ ಏನೂ ನೆನಪಿಲ್ಲ, ಅವಳು ನಿದ್ದೆಯಲ್ಲಿದ್ದಳು. ಆ ಕಾರಿನಲ್ಲಿ ಎಚ್ಚರವಾಗಿ ಕೂತವಳು ಈಗ ನಾನೊಬ್ಬಳೇ.

ಅವನು ಹೋದ ಮರುದಿನ ಬೆಳಿಗ್ಗೆ ನಾನು ಹಗ್ಗ ಹೊಸೆಯುವ ರಾಟೆಯನ್ನು ಎತ್ತಿಕೊಂಡು ಹೋಗಿ ಚಪ್ಪರದಲ್ಲಿ ಇಟ್ಟೆ. ಮಳೆ ಬೀಳದ ಜಾಗ, ಅಗಲವಾಗಿಯೂ ಇತ್ತು, ಖಾಲಿ ಬಿಡುವುದು ಯಾಕೆ. ನೆಲದ ಮೇಲೆ ಎಣ್ಣೆ ಸೋರಿದ ಕಲೆಗೆ ಎರಡು ಬುಟ್ಟಿ ಮರಳು ಹಾಕಿ ತುಳಿದೆ. ಕೂತು ತಿರುಗಿಸಿದೆ. ರಾಟೆ ಕಿರ್ ಎಂದು ಕೂಗಿತು. ಅತ್ತೆ ಒಳಗಿನಿಂದ, “ಅದಕ್ಕೆ ಒಂದು ಹನಿ ಎಣ್ಣೆ ಬಿಡೆ, ಕಿವಿ ಹೋತು,” ಎಂದು ಕೂಗಿದರು. ಎಣ್ಣೆಯ ಕುಡಿಕೆ ಅಲ್ಲೇ ಕೈಗೆ ಸಿಗುವ ಹಾಗೆ ಇತ್ತು. ನಾನು ಬಿಡಲಿಲ್ಲ. ಮಧ್ಯಾಹ್ನದವರೆಗೆ ಹಾಗೇ ತಿರುಗಿಸಿದೆ.